ಕಾರು ಬೆಸೆದವಳು ಕಾರು ಕಲಿತದ್ದು

ಹೆಲ್ವಿ ಮೊಯ್ಲಾನೆನ್ ನಲವತ್ತು ವರ್ಷ ಸಾಬ್ ಎಂಬ ಕಂಪನಿಯ ಕಾರುಗಳನ್ನು ಕಟ್ಟಿದಳು. ಆ ನಲವತ್ತು ವರ್ಷವೂ ಕಾರ್ಖಾನೆಗೆ ಬಸ್ಸಿನಲ್ಲೇ ಬಂದಳು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅನ್ನುವುದಕ್ಕಿಂತ, ಕಲಿಯುವುದೇ ಇಲ್ಲ ಎಂದು ಕೂತಿದ್ದಳು. ಸ್ವೀಡನ್ನಿನ ನಮ್ಮ ಟ್ರೋಲ್‌ಹೆಟ್ಟನ್‌ನಲ್ಲಿ ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಮನೆಗೊಬ್ಬರಾದರೂ ಸಾಬ್‌ನಲ್ಲಿ ದುಡಿದವರು; ಸಾಬ್ ಬಿಟ್ಟು ಬೇರೆ ಕಾರು ತಂದವನನ್ನು ನೆರೆಯವರು ವಾರಗಟ್ಟಲೆ ಮಾತಾಡಿಸುತ್ತಿರಲಿಲ್ಲ. ಅಂಥ ಊರಿನಲ್ಲಿ ಇವಳು ಬೆಳಗಿನ ಬಸ್ಸಿಗೆ ಕಾಯುತ್ತಾ ಹಿಮದಲ್ಲಿ ನಿಂತಿರುತ್ತಿದ್ದಳು.

ನಾನು ಶೆಫಿಕ್, ಬೋಸ್ನಿಯಾದವನು. ಯುದ್ಧದ ವರ್ಷ ಹೆಂಡತಿ ಆಮ್ರಾಳನ್ನು ಕಟ್ಟಿಕೊಂಡು ಇಲ್ಲಿಗೆ ಓಡಿಬಂದೆ. ತೊಂಬತ್ತೈದರಲ್ಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಕಾರಿನ ಒಡಲು ಕಟ್ಟುವ ವಿಭಾಗದಲ್ಲಿ. ಬೆಸುಗೆ ಹಾಕುತ್ತಿದ್ದದ್ದು ಆಗಲೇ ಹೆಚ್ಚಾಗಿ ಯಂತ್ರದ ತೋಳುಗಳು. ಅವು ಹಾಕಿದ ಬೆಸುಗೆ ಬಿಡುತ್ತದೋ ಎಂದು ತಗಡುಗಳ ನಡುವೆ ಉಳಿ ಸುತ್ತಿಗೆಯಿಂದ ಹೊಡೆದು ನೋಡುವುದು ಹೆಲ್ವಿಯ ಕೆಲಸ. ನನ್ನನ್ನು ಅವಳ ಕೈಕೆಳಗೆ ಹಾಕಿದರು. ನನ್ನ ಊರಿನ ಅಭ್ಯಾಸದಂತೆ ಹಿರಿಯಳು ಎಂದು ಬಹುವಚನ ಹಚ್ಚಿ ಮಾತಾಡಿಸಿದೆ.

"ಇಲ್ಲಿ ಯಾರೂ ನೀವು ಅಲ್ಲ ಕಣೋ" ಅಂದಳು. "ದೊಡ್ಡ ಇಂಜಿನಿಯರೂ ನೀನೇ, ಕಸ ಗುಡಿಸೋನೂ ನೀನೇ. ಉಳಿ ಹಿಡಿ. ಹಂಗಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ತಿದೀಯಾ?"

ಸ್ವೀಡಿಷ್ ಭಾಷೆ ನಾನು ಕಲಿತದ್ದು ಅವಳ ಬಾಯಿಂದಲೇ. ಅವಳು ಫಿನ್ಲೆಂಡಿನವಳು. ಎರಡು ವರ್ಷದ ಮೇಲೆ ಸರ್ಕಾರಿ ಕಚೇರಿಯಲ್ಲಿ ನಾನು ಬಾಯಿ ಬಿಟ್ಟಾಗ ಅಲ್ಲಿದ್ದ ಹೆಂಗಸು ಪೆನ್ನು ಕೆಳಗಿಟ್ಟು, "ನೀನು ಬೋಸ್ನಿಯಾದವನು ತಾನೆ? ಮಾತು ಯಾಕೆ ಫಿನ್ನರ ಥರ ಬರ್ತಿದೆ?" ಎಂದು ಕೇಳಿದಳು. ಹೆಲ್ವಿಗೆ ಹೇಳಿದರೆ, "ಆಮೇಲೆ ಸರಿ ಹೋಗುತ್ತೆ. ಇನ್ನೂ ಕೆಟ್ಟದ್ದೂ ಆಗಬಹುದು" ಅಂದಳು.

ಅವಳು ಕಾರು ಓಡಿಸದ ಕಾರಣ ನನಗೆ ಗೊತ್ತಾದದ್ದು ಒಂದು ಗುರುವಾರ, ಬಟಾಣಿ ಸಾರಿನ ಊಟದ ಹೊತ್ತಿನಲ್ಲಿ. ನಾನೇ ಕೇಳಿದ್ದೆ. ಅವಳು ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. ಫಿನ್ಲೆಂಡಿನಲ್ಲಿ, ಅವಳಿಗೆ ಆಗ ಹನ್ನೆರಡು ವರ್ಷ. ಅಪ್ಪ ಟೊಯ್ವೊ ಯಾರದೋ ಸಣ್ಣ ಕಾರು ಎರವಲು ತಂದು ಮಗಳನ್ನು ಹಿಂದೆ ಕೂರಿಸಿಕೊಂಡು ಕಾಡಿನ ರಸ್ತೆಯಲ್ಲಿ ಬರುತ್ತಿದ್ದ. ಈ ಉತ್ತರ ಸೀಮೆಯ ಕಡವೆ, ಅಂದರೆ ಮೂಸ್, ಕುದುರೆಗಿಂತ ಎತ್ತರ, ಕಾಲು ಉದ್ದ. ಕಾರು ಬಡಿದರೆ ಕಾಲು ಮುರಿದು, ಅರ್ಧ ಟನ್ನಿನ ಮೈ ನೇರವಾಗಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಬಿತ್ತು. ಗಾಜಿನ ಎರಡು ಬದಿಯ ಕಂಬಗಳು ಹುಲ್ಲುಕಡ್ಡಿಯಂತೆ ಮಡಚಿ ಛಾವಣಿ ಅಪ್ಪನ ಮೇಲೆ ಕೂತಿತು. ಹುಡುಗಿಗೆ ಒಂದು ಗೀರೂ ಆಗಲಿಲ್ಲ.

"ಆ ಕಂಬ ಗಟ್ಟಿ ಇದ್ದಿದ್ರೆ ಅಪ್ಪ ಮನೆಗೆ ಬರ್ತಿದ್ದ" ಅಂದಳು. ಬ್ರೆಡ್ಡಿನಿಂದ ತಟ್ಟೆ ಒರೆಸಿ ಎದ್ದುಹೋದಳು.

ಹತ್ತೊಂಬತ್ತಕ್ಕೆ ಅವಳು ಹಡಗು ಹತ್ತಿ ಸ್ವೀಡನ್ನಿಗೆ ಬಂದಿದ್ದಳು. ಎಪ್ಪತ್ತೊಂದರಲ್ಲಿ ಕಾರ್ಖಾನೆಗೆ ಕೆಲಸ ಕೇಳಿ ಹೋದಾಗ ಎದುರಿಗೆ ಕೂತಿದ್ದವನು ಬಿರ್ಯೆರ್ ರಾಸ್ಕ್ ಎಂಬ ಮೇಸ್ತ್ರಿ. ಸೀಟು ಹೊಲಿಯುವ ಕಡೆ ಜಾಗವಿದೆ, ಬೆಚ್ಚಗಿರುತ್ತದೆ, ಹೋಗು ಅಂದನಂತೆ.

"ಕಂಬ ಬೆಸೆಯೋ ಕಡೆ ಬೇಕು."

"ಆ ಬೆಸುಗೆ ಗನ್ನು ನಿನಗಿಂತ ಭಾರ ಇದೆ ಮಗಾ."

"ಮೇಲಿಂದ ನೇತಾಕಿದೀರಲ್ಲ. ನಾನೇನು ಹೊತ್ಕೊಂಡು ಓಡಬೇಕಾ?"

ಬಿರ್ಯೆರ್ ನಕ್ಕು ಒಂದು ವಾರ ಪರೀಕ್ಷೆಗೆ ಇಟ್ಟುಕೊಂಡ. ವಾರ ಮುಗಿದ ಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ; ಅವಳು ಅಲ್ಲೇ ಉಳಿದಳು. ಮೇಲಿನ ಮೂಲೆಯಲ್ಲಿ, ಕಂಬ ಛಾವಣಿಗೆ ಸೇರುವ ಕಡೆ, ನಕ್ಷೆಯಲ್ಲಿ ಇದ್ದದ್ದಕ್ಕಿಂತ ಒಂದು ಚುಕ್ಕೆ ಹೆಚ್ಚು ಬೆಸೆಯುವುದು ಅವಳ ರೂಢಿಯಾಯಿತು. ಬಿರ್ಯೆರ್ ಅದನ್ನು ನೋಡಿದ್ದ. ಇಂಜಿನಿಯರನ್ನು ಕೇಳಿದ. ಹಾನಿಯೇನಿಲ್ಲ ಎಂದು ತಿಳಿದ ಮೇಲೆ ಸುಮ್ಮನಾದ.

ಅವು ಒಳ್ಳೆಯ ವರ್ಷಗಳು. ಮೊದಲು ವಿಮಾನ ಕಟ್ಟುತ್ತಿದ್ದವರು ಕಾರಿಗೆ ಕೈ ಹಾಕಿದ್ದರಿಂದಲೋ ಏನೋ, ಸಾಬ್ ಯಾವುದನ್ನೂ ಬೇರೆಯವರ ಹಾಗೆ ಮಾಡುತ್ತಿರಲಿಲ್ಲ. ಎಲ್ಲರೂ ಸ್ಟೀರಿಂಗ್ ಪಕ್ಕ ಕೀಲಿ ಹಾಕಿದರೆ ಇವರು ಎರಡು ಸೀಟಿನ ನಡುವೆ ನೆಲದ ಹತ್ತಿರ ಹಾಕಬೇಕು ಅಂದರು. ಮುಂದಿನ ಗಾಜು ಮನೆಯ ಕಿಟಕಿಯಂತೆ ನೆಟ್ಟಗೆ, ಬೆನ್ನು ಆಮೆಯಂತೆ. ಊರ ಹೊರಗಿನವರು ನಕ್ಕರು. ಆದರೆ ಹೆಚ್ಚು ಕಸುವಿನ ಟರ್ಬೊ ಇಂಜಿನ್ ಬಂದ ಮೇಲೆ ದೂರದ ದೇಶಗಳ ಮೇಷ್ಟ್ರುಗಳು, ಡಾಕ್ಟರುಗಳು ಸಾಲು ಹಚ್ಚಿದರು. ಕಡವೆ ಬಿದ್ದರೆ ಏನಾಗುತ್ತದೆ ಎಂದು ನೋಡಲು ಇಂಜಿನಿಯರುಗಳು ತಂತಿಯ ಕಟ್ಟುಗಳಿಂದ ಒಂದು ಕಡವೆಯನ್ನೇ ಮಾಡಿ ನೇತುಹಾಕಿ ಕಾರು ನುಗ್ಗಿಸುತ್ತಿದ್ದರು. ಅದನ್ನು ನೋಡಲು ಬಿರ್ಯೆರ್ ಒಮ್ಮೆ ಹೆಲ್ವಿಯನ್ನು ಕರೆದುಕೊಂಡು ಹೋದ. ಗಾಜು ಪುಡಿಯಾಯಿತು, ಛಾವಣಿ ತುಸು ತಗ್ಗಿತು, ಕಂಬಗಳು ನಿಂತವು. ಹೆಲ್ವಿ ಆ ಕಾರಿನ ಸುತ್ತ ಎರಡು ಸುತ್ತು ಬಂದು ಕೆಲಸಕ್ಕೆ ಮರಳಿದಳಂತೆ. ಇದನ್ನು ನನಗೆ ಹೇಳಿದವನು ಬಿರ್ಯೆರ್. ಅವಳು ಹೇಳಿರಲಿಲ್ಲ.

ನಾನು ಸೇರುವ ಹೊತ್ತಿಗೆ ಕಂಪನಿಯ ಅರ್ಧ ಪಾಲು ಅಮೆರಿಕದವರ ಕೈಗೆ ಹೋಗಿತ್ತು. ಎರಡು ಸಾವಿರದ ಇಸವಿಗೆ ಪೂರ್ತಿ ಹೋಯಿತು. ಬಿರ್ಯೆರ್ ಅದೇ ವರ್ಷ ನಿವೃತ್ತನಾದ. ಹೊಸ ಕಾರುಗಳ ಕೆಳಗಿನ ಎಲುಬು ಬೇರೆ ಕಂಪನಿಯ ಕಾರುಗಳದ್ದೂ ಅದೇ. "ಕೀಲಿ ಜಾಗ ನಮ್ದು, ಮಿಕ್ಕಿದ್ದು ನೆಂಟರದು" ಎಂದು ಹೆಲ್ವಿ ಗೊಣಗುತ್ತಿದ್ದಳು. ಗೊಣಗಿದರೂ ಉಳಿಯ ಏಟು ಸಡಿಲಾಗಲಿಲ್ಲ. ಆಮೇಲೆ ಅಮೆರಿಕದವರೂ ಕೈಬಿಟ್ಟರು. ಹಾಲೆಂಡಿನ ಒಂದು ಸಣ್ಣ ಕಂಪನಿ ತೆಗೆದುಕೊಂಡಿತು. ಎರಡು ಸಾವಿರದ ಹನ್ನೊಂದರ ವಸಂತದಲ್ಲಿ ಬಿಡಿಭಾಗ ಬರದೆ ಕಾರು ಕಟ್ಟುವ ಸಾಲು ನಿಂತಿತು. ನಡುವೆ ಒಮ್ಮೆ ಹೊರಟು ಮತ್ತೆ ನಿಂತಿತು. ಅರ್ಧ ಕಟ್ಟಿದ ಕಾರುಗಳು ಸಾಲಿನ ಮೇಲೆ ಹಾಗೇ ಕೂತವು. ನಾವು ದಿನಕ್ಕೊಂದು ಸುದ್ದಿ ನಂಬಿದೆವು: ಇವತ್ತು ರಷ್ಯಾದವರು ಬರುತ್ತಾರಂತೆ, ನಾಳೆ ಚೀನಾದವರು.

ಡಿಸೆಂಬರ್ ಹತ್ತೊಂಬತ್ತು, ಸೋಮವಾರ. ಹೆಲ್ವಿ ನಮ್ಮ ಅಡುಗೆಮನೆಯಲ್ಲಿ ಆಮ್ರಾ ಮಾಡಿದ ಕಾಫಿ ಕುಡಿಯುತ್ತಿದ್ದಳು. ಕಂಪನಿ ದಿವಾಳಿ ಅರ್ಜಿ ಹಾಕಿದೆ ಎಂದು ರೇಡಿಯೊ ಹೇಳಿತು. ಆಮ್ರಾ ನನ್ನ ಮುಖ ನೋಡಿದಳು, ನಾನು ಹೆಲ್ವಿಯ ಮುಖ ನೋಡಿದೆ. ಅವಳು ಬಟ್ಟಲು ಮುಂದಕ್ಕೆ ತಳ್ಳಿ, "ಇನ್ನೊಂಚೂರು ಹಾಕು" ಅಂದಳು. ಆಮ್ರಾ ಹಾಕಿದಳು.

ಅರವತ್ತು ವರ್ಷದವಳಿಗೆ ಏನು ಕೆಲಸ ಸಿಗುತ್ತದೆ? ಉದ್ಯೋಗ ಕಚೇರಿಯವರು ಕೂಡಿಸಿ ಕಳೆದು, ಮುದುಕರ ಮನೆಮನೆಗೆ ಹೋಗಿ ಆರೈಕೆ ಮಾಡುವ ನಗರಸಭೆ ಕೆಲಸವಿದೆ ಅಂದರು. ಹೆಲ್ವಿ ಒಪ್ಪಿದಳು. ಲೈಸೆನ್ಸ್ ಇದೆ ತಾನೆ ಎಂದು ಕೇಳಿದರು. ಇಲ್ಲ ಅಂದಾಗ ಆ ಅಧಿಕಾರಿ ಕಾಗದ ತಿರುಗಿಸಿ ನೋಡಿದನಂತೆ. "ನಲವತ್ತು ವರ್ಷ ಸಾಬ್‌ನಲ್ಲಿ ಅಂತ ಬರೆದಿದೆ?"

"ಕಟ್ತಿದ್ದೆ. ಓಡಿಸ್ತಿರಲಿಲ್ಲ. ನೀನು ಕೂತಿರೋ ಕುರ್ಚೀನ ನೀನೇ ಮಾಡಿದ್ಯಾ?"

ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು. ಬೂಟು ಬಿಚ್ಚುವ ಮೊದಲೇ, "ಶೆಫಿಕ್, ನಿನ್ನ ಹಳೇ ಕಾರು ಇನ್ನೂ ಇದೆಯಾ?" ಅಂದಳು.

ಇತ್ತು, ತೊಂಬತ್ತೊಂದರ ಕಪ್ಪು ಸಾಬ್. ಮನೆಯವರೋ ಸ್ನೇಹಿತರೋ ಕಲಿಸಬಹುದು ಎನ್ನುವುದು ಇಲ್ಲಿನ ಕಾನೂನು. ಅದಕ್ಕೂ ಇಬ್ಬರೂ ಒಂದು ಪಾಠಕ್ಕೆ ಹೋಗಿ ಕೂರಬೇಕು, ಕೂತೆವು. ಹದಿನಾರು ವರ್ಷದ ಮಕ್ಕಳ ನಡುವೆ ಹೆಲ್ವಿ ನೆಟ್ಟಗೆ ಕೂತು ಎಲ್ಲ ಬರೆದುಕೊಂಡಳು.

ಖಾಲಿ ಮೈದಾನದಲ್ಲಿ ಮೊದಲ ವಾರ. ಇಂಜಿನ್ ಹತ್ತು ಸಲ ಆರಿತು. ಈ ಕಾರಿನಲ್ಲಿ ಹಿಮ್ಮುಖ ಗೇರಿಗೆ ಹಾಕದೆ ಕೀಲಿ ಹೊರಗೆ ಬರುವುದಿಲ್ಲ. ಅವಳು ಎಳೆದಳು, ಬೈದಳು, ಮತ್ತೆ ಎಳೆದಳು.

"ರಿವರ್ಸ್ ಹಾಕು" ಅಂದೆ.

"ಯಾವ ಕತ್ತೆ ಮಾಡಿದ್ದು ಇದನ್ನ?"

"ನೀವೆಲ್ಲ ಸೇರಿಯೇ."

ಎರಡನೇ ವಾರ ಊರ ಹೊರಗಿನ ಕಾಡುದಾರಿಗೆ ಹೋದೆವು. ಎಚ್ಚರ ಎಂದು ಕಡವೆಯ ಚಿತ್ರ ಹಾಕಿದ ಹಳದಿ ಫಲಕ ಕಂಡದ್ದೇ ತಡ, ಹೆಲ್ವಿ ಕಾರು ಬದಿಗೆ ನಿಲ್ಲಿಸಿ ಇಳಿದುಬಿಟ್ಟಳು. "ನಾನು ನಡ್ಕೊಂಡು ಬರ್ತೀನಿ. ನೀನು ಹೋಗು."

ನಾನೂ ಇಳಿದೆ. ಹುಡುಗಿ ಹೋಗಿ ಮುದುಕಿಯಾದರೂ ಹೋಗದ ಭಯಕ್ಕೆ ನಾನೇನು ಹೇಳಲಿ? ಬಾಯಿಗೆ ಬಂದದ್ದು ಕೇಳಿದೆ: "ಈ ಕಾರಿನ ಕಂಬ ಬೆಸೆದಿದ್ದು ಯಾರು?"

ಅವಳು ತಿರುಗಿ ನೋಡಿದಳು. "ತೊಂಬತ್ತೊಂದಾ? ಆಗ ಆ ಜಾಗದಲ್ಲಿ ಬೆಳಗಿನ ಪಾಳಿ ನಂದು, ಮಧ್ಯಾಹ್ನದ್ದು ಕಲ್ಲೆ ಅನ್ನೋನದು. ಕಲ್ಲೆ ಬೆಸೆದಿದ್ರೆ ನಾನು ಹತ್ತಲ್ಲ."

"ನೋಡು ಮತ್ತೆ."

ಬಾಗಿಲು ತೆರೆದು, ಚೌಕಟ್ಟಿಗೆ ಸುತ್ತಿದ ರಬ್ಬರನ್ನು ಮೂಲೆಯಿಂದ ಎಳೆದು ಸರಿಸಿದಳು. ಕನ್ನಡಕ ಹಾಕಿಕೊಂಡಳು. ಬಣ್ಣದ ಕೆಳಗೆ ಸಾಲಾಗಿ ಬೆಸುಗೆಯ ಗುಳಿಗಳು. ಬೆರಳಿಟ್ಟು ಒಂದೊಂದಾಗಿ ಕೆಳಗಿನಿಂದ ಮೇಲಕ್ಕೆ ಹೋದಳು. ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲಿ ಒಂದು ಹೆಚ್ಚಿತ್ತು.

"ನಂದೇ" ಅಂದಳು. ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ಮೊದಲಿನಂತೆ ಕೂರಿಸಿ, ಒಳಗೆ ಬಂದು ಬೆಲ್ಟು ಹಾಕಿಕೊಂಡಳು. ಆ ಫಲಕವನ್ನು ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ದಾಟಿದೆವು. ಹಿಂದಿನವರು ಹಾರ್ನ್ ಹೊಡೆದರು.

ಇದಾದ ಮೇಲೆ ಎಲ್ಲ ಸುಲಭವಾಯಿತು ಎಂದು ಹೇಳಲಾರೆ. ಎಣ್ಣೆ ನೀರು ಸುರಿದ ಜಾರುವ ಹಾದಿಯಲ್ಲಿ ಇಲ್ಲಿ ಒಂದು ಕಡ್ಡಾಯ ತರಬೇತಿ ಇರುತ್ತದೆ; ಅಲ್ಲಿ ಬುಗುರಿಯಂತೆ ಸುತ್ತಿ ರಟ್ಟಿನ ಗುರುತುಗಳನ್ನೆಲ್ಲ ಬೀಳಿಸಿದಳು. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಳು; ಒಮ್ಮೆ ವೇಗ ಸಾಲದು ಎಂದು, ಇನ್ನೊಮ್ಮೆ ಪರೀಕ್ಷಕನಿಗೇ ಬೈದದ್ದಕ್ಕೆ ಇರಬೇಕು. ಮೂರನೆಯದಕ್ಕೆ, ಎರಡು ಸಾವಿರದ ಹದಿಮೂರರ ಏಪ್ರಿಲ್ಲಿನಲ್ಲಿ, ಪಾಸಾದಳು. ಆಮ್ರಾ ಕೇಕು ಮಾಡಿದಳು. ಹೆಲ್ವಿ ಮೂರು ತುಂಡು ತಿಂದಳು.

ಆರೈಕೆ ಕೆಲಸ ಶುರುವಾಯಿತು. ನಗರಸಭೆ ಕೊಟ್ಟದ್ದು ಏಷ್ಯಾದ ಯಾವುದೋ ಸಣ್ಣ ಬಿಳಿ ಕಾರು. ದಿನಕ್ಕೆ ಹತ್ತು ಮನೆ: ಒಬ್ಬರಿಗೆ ಮಾತ್ರೆ, ಒಬ್ಬರಿಗೆ ಸ್ನಾನ, ಒಬ್ಬರಿಗೆ ಬರೀ ಮಾತು. ಎರಡನೇ ತಿಂಗಳು ಅವಳ ಪಟ್ಟಿಗೆ ಬಂದ ಹೆಸರು ಬಿರ್ಯೆರ್ ರಾಸ್ಕ್. ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಸತ್ತಿದ್ದವು. ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು. ಹೆಲ್ವಿ ಬಾಗಿಲು ತೆಗೆದು ಒಳಗೆ ಹೋದಾಗ ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದನಂತೆ.

"ಆ ಬಿಳೀ ಡಬ್ಬೀಲಿ ಬಂದಿದ್ದು ನೀನಾ?"

"ನಾನೇ."

"ಬಸ್ಸು ಏನಾಯ್ತು?"

"ಓಡ್ತಿದೆ. ನಾನು ಇಳಿದೆ. ಅಂಗಿ ಬಿಚ್ಚು, ಬೆನ್ನು ಉಜ್ತೀನಿ."

ತನ್ನ ಕೈಕೆಳಗೆ ಇದ್ದವಳ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಲು ಅವನಿಗೆ ಮೊದಮೊದಲು ಬಹಳ ಸಂಕೋಚವಾಯಿತು. ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ. ಹೆಲ್ವಿ ಅದನ್ನು ಕಾಣದವಳಂತೆ ಕಾರ್ಖಾನೆಯ ಸುದ್ದಿ ಹೇಳುತ್ತಿದ್ದಳು: ಯಾರು ನಾರ್ವೆಗೆ ಹೋದರು, ಯಾರು ಬೇಕರಿ ಇಟ್ಟರು, ಯಾರು ಇನ್ನೂ ಬೆಳಿಗ್ಗೆ ಐದಕ್ಕೆ ಎದ್ದು ಸುಮ್ಮನೆ ಕೂರುತ್ತಾರೆ. ತಾನೂ ಐದಕ್ಕೇ ಏಳುವುದು ಎಂದು ಅವನು ಒಂದು ದಿನ ಒಪ್ಪಿಕೊಂಡ.

ಬೇಸಿಗೆಯಲ್ಲಿ ಹೆಲ್ವಿ ರಜೆಯ ದಿನ ನನ್ನ ಕಾರು ಕೇಳಿದಳು. ಬಿರ್ಯೆರ್‌ನನ್ನು ಹೊರಗೆ ಕರೆದೊಯ್ಯಬೇಕು, ಎತ್ತಿ ಕೂರಿಸಲು ನೀನೂ ಬಾ ಅಂದಳು. ನಾನು ಹಿಂದಿನ ಸೀಟಿನಲ್ಲಿ, ಅವನು ಮುಂದೆ, ಅವಳು ಸ್ಟೀರಿಂಗ್ ಹಿಡಿದು. ಅವನು ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.

"ಮೂರನೇ ಗೇರು ಹಾಕು. ಇಂಜಿನ್ ಅಳ್ತಿದೆ."

"ಅಳಲಿ."

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಇರಬೇಡ."

"ಬಿರ್ಯೆರ್, ನಿನ್ನ ಕಾಲು ನೋಡ್ಕೋ."

ಅವನು ಗಹಗಹಿಸಿ ನಕ್ಕ. ಬಾಯಿಯ ಒಂದೇ ಬದಿಯಿಂದ ಬಂದ ನಗು.

ಕಾರ್ಖಾನೆಯ ಗೇಟು ಬಂತು. ಕಾರು ನಿಲ್ಲಿಸುವ ಜಾಗದಲ್ಲಿ ಒಂದೂ ವಾಹನವಿರಲಿಲ್ಲ. ಡಾಂಬರಿನ ಬಿರುಕಿನಲ್ಲಿ ಹುಲ್ಲು ಎದ್ದಿತ್ತು. ಹೆಲ್ವಿ ವೇಗ ತಗ್ಗಿಸಿದಳು. "ನಿಲ್ಸಲಾ?"

ಬಿರ್ಯೆರ್ ಒಳ್ಳೆಯ ಕೈಯಿಂದ ಮುಂದೆ ತೋರಿಸಿದ. "ಇಲ್ಲಿ ಏನಿದೆ ಈಗ? ಕೆರೆ ಕಡೆ ಹೋಗು. ಹಸಿವಾಗ್ತಿದೆ."

ವೆನರ್ ಸರೋವರದ ದಡದಲ್ಲಿ ಬೆಂಚಿನ ಮೇಲೆ ಸಿಗಡಿ ಇಟ್ಟ ಬ್ರೆಡ್ಡು ತಿಂದೆವು. ಹೆಲ್ವಿ ಅವನಿಗೆ ಸಣ್ಣ ತುಂಡು ಮಾಡಿ ಕೊಟ್ಟಳು. ಗಾಳಿಗೆ ಕಾಗದ ಹಾರಿಹೋಯಿತು, ನಾನು ಓಡಿ ಹಿಡಿದೆ. ಮರಳಿ ಬರುವಾಗ ಅವನು ಸೀಟಿಗೆ ತಲೆ ಆನಿಸಿ ನಿದ್ದೆ ಹೋದ. ಮನೆ ಮುಂದೆ ನಿಂತರೂ ಎಚ್ಚರವಾಗಲಿಲ್ಲ. ಎಬ್ಬಿಸಲೆಂದು ನಾನು ಭುಜ ಮುಟ್ಟಲು ಹೋದೆ.

"ಬಿಡು" ಅಂದಳು ಹೆಲ್ವಿ. "ಮಲಗಲಿ ಸ್ವಲ್ಪ."

ಅವನು ತಾನಾಗಿ ಏಳುವವರೆಗೆ ಮುಕ್ಕಾಲು ಗಂಟೆ ಕಾದೆವು. ಬಿರ್ಯೆರ್ ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡ. ಹೆಲ್ವಿ ಅರವತ್ತೇಳರವರೆಗೆ ದುಡಿದಳು. ಈಗ ಮಂಗಳವಾರ ಮಂಗಳವಾರ ಮೂವರು ಮುದುಕಿಯರನ್ನು ಹತ್ತಿಸಿಕೊಂಡು ಪಕ್ಕದ ಊರಿನ ಈಜುಕೊಳಕ್ಕೆ ಹೋಗುತ್ತಾಳೆ. ತುಂಬ ಜೋರಾಗಿ ಓಡಿಸುತ್ತಾಳೆ ಎಂದು ಅವರು ಆಮ್ರಾಳ ಹತ್ತಿರ ದೂರು ಹೇಳುತ್ತಾರೆ.