ಅಂಗಿ ಬಿಚ್ಚಿ ಇಳಿಯುವ ಪದ್ಧತಿ

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಅವ್ವ ತೀರಿಕೊಂಡ ದಿನ ಅದು, ಬೆಳಗಿನ ಹನ್ನೊಂದರ ಸುಮಾರು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತ ಅವಳ ಮೊಣಕಾಲು ಮುಟ್ಟಿತ್ತು. ನನ್ನ ಕೈಯಲ್ಲಿ ಬಿಲ್ವಪತ್ರೆಯ ಬುಟ್ಟಿ ಇತ್ತು. ಅವ್ವನಿಗೂ ನನಗೂ ನಡುವೆ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಹಲವರು ನನ್ನನ್ನು ಕೇಳಿದ್ದು ಇದನ್ನೇ: ನೀನು ನಿಂತಲ್ಲಿಂದ ಅದು ಕಾಣಿಸಿತೇ? ಕಾಣಿಸಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ತೊಳೆದು, ಗೋಡೆಗೆ ಒರಗಿಸಿ, ಕಾಲು ಮಡಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ ಕೂರಿಸುತ್ತಾರೆ. ಮಣ್ಣಿಗೆ ಕೊಡುವಾಗಲೂ ಕೂತ ಹಾಗೆಯೇ. ಬದುಕಿರುವಷ್ಟು ದಿನ ಕೊರಳಲ್ಲಿದ್ದ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈ ಮೇಲೆ ಇಟ್ಟು ಕಳಿಸುತ್ತಾರೆ. ಲಿಂಗ ಸತ್ತವರದು. ಅದನ್ನಿಡುವ ಬೆಳ್ಳಿಯ ಕರಡಿಗೆ ಮಾತ್ರ ಮನೆಯಲ್ಲಿ ಉಳಿಯುತ್ತದೆ, ಮುಂದಿನ ಮಗುವಿಗೆ.

ಅವ್ವನ ಕರಡಿಗೆ ಯಾರಿಗೆ ಎಂಬುದು ತೀರ್ಮಾನವಾಗಿತ್ತು. ನನ್ನ ತಂಗಿಯ ಮಗಳಿಗೆ ಬರುವ ಬೇಸಿಗೆಯಲ್ಲಿ ದೀಕ್ಷೆ ಮಾಡಿಸುವುದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವ್ವ ಹೆಚ್ಚು ಮಾತಾಡಲಿಲ್ಲ. ಆಡಿದ ಕೆಲವು ಮಾತುಗಳಲ್ಲಿ ಒಂದು, “ಕೂಸಿಗೆ ಹೊಸದು ಮಾಡಿಸ್ಬ್ಯಾಡ್ರಿ. ಇದು ಐತೆ.” ಆ ಕರಡಿಗೆಯ ಅಂಚಿನಲ್ಲಿ ಸಣ್ಣ ತಗ್ಗು ಇತ್ತು. ತಂಗಿ ಹಲ್ಲು ಬರುವ ವಯಸ್ಸಿನಲ್ಲಿ ಅವ್ವನ ಎದೆಯ ಮೇಲೆ ಮಲಗಿ ಅದನ್ನು ಕಚ್ಚಿ ಕಚ್ಚಿ ಮಾಡಿದ್ದು. ಆ ತಗ್ಗಿನ ಕಾರಣಕ್ಕೇ ಅವ್ವ ಅದನ್ನು ಅಕ್ಕಸಾಲಿಗನ ಕೈಗೆ ಒಮ್ಮೆಯೂ ಕೊಡಲಿಲ್ಲ.

ಕೂರಿಸಲು ಬಂದವರು ತಲೆಗೆ ಬಿಳಿ ರುಮಾಲು ಸುತ್ತಿದ ಹಿರಿಯರೊಬ್ಬರು. ನಮ್ಮ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವರಿಗೆ ಫೋನ್ ಹೋಗುತ್ತಿತ್ತು. ಹಣ ಮುಟ್ಟುತ್ತಿರಲಿಲ್ಲ, ಚಹಾ ಕೂಡ ಕುಡಿಯುತ್ತಿರಲಿಲ್ಲ. ಅವರ ಕೆಲಸ ನಿಧಾನ, ಅಚ್ಚುಕಟ್ಟು. ಅವ್ವನ ಬೆರಳುಗಳನ್ನು ಒಂದೊಂದಾಗಿ ನೀವಿ ಮೆತ್ತಗೆ ಮಾಡಿದರು. ಕಣ್ಣು ಮುಚ್ಚಿಸಲು ನೋಡಿದರು. ಎಡಗಣ್ಣು ಪೂರ್ತಿ ಮುಚ್ಚಲಿಲ್ಲ.

“ಇರ್ಲಿ ಬಿಡ್ರಿ,” ಅಂದರು. “ಕೆಲವರು ಹಂಗೇ. ಒಂದು ಸಲ ಎಲ್ರನ್ನೂ ನೋಡಿ ಹೋಗ್ತಾರೆ.”

ಆಮೇಲೆ ಕೊರಳ ಶಿವದಾರ ಬಿಚ್ಚಿ, ಕರಡಿಗೆ ತೆರೆದು, ಲಿಂಗ ತೆಗೆದು ಒದ್ದೆ ವಸ್ತ್ರದಲ್ಲಿ ಒರೆಸಿದರು. ಮತ್ತೆ ಕರಡಿಗೆಯೊಳಗೆ ಇಟ್ಟು ಕೊರಳಿಗೆ ಕಟ್ಟಿದರು. ವಸ್ತ್ರ ಹಿಡಿದ ಕೈ ಅಂಗಿಯ ಒಳಗೆ, ಬನಿಯನ್ನಿನ ಜೇಬಿಗೆ ಹೋಗಿ ಬಂತು. ವಸ್ತ್ರವನ್ನು ಜೇಬಿಗಿಟ್ಟರು ಎಂದುಕೊಂಡೆ. ಆದರೆ ಕೈ ಹೊರಗೆ ಬಂದಾಗಲೂ ವಸ್ತ್ರ ಕೈಯಲ್ಲೇ ಇತ್ತು. ನಾನು ಕಂಡದ್ದು ಇಷ್ಟೇ. ಆಗ ಅದಕ್ಕೆ ಅರ್ಥ ಹಚ್ಚಲಿಲ್ಲ. ಅವ್ವನ ಅರೆತೆರೆದ ಕಣ್ಣು ಅದೇ ದಿಕ್ಕಿಗಿತ್ತು. ಅವಳು ನೋಡುತ್ತಿದ್ದಳು ಎಂದು ಹೇಳಲಾರೆ. ಕಣ್ಣು ತೆರೆದಿತ್ತು ಎಂದಷ್ಟೇ ಹೇಳುತ್ತೇನೆ.

ಇನ್ನೊಂದನ್ನೂ ಹೇಳಬೇಕು. ಅವ್ವನ ಎದುರು ಕೂತು ಹಾಡಿಕೊಂಡು ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಳ ದನಿ ಎಲ್ಲರನ್ನೂ ಮೀರಿತ್ತು. ಕಂದು ಸೀರೆ, ಮುಖದ ಮೇಲೆ ಸೆರಗು. ರುಮಾಲಿನವರ ಕೈ ಅಂಗಿಯೊಳಗೆ ಹೋದಾಗ ಆ ಹಾಡು ಒಂದು ಉಸಿರಿನಷ್ಟು ನಿಂತಿತು. ಮತ್ತೆ ಶುರುವಾಯಿತು.

“ಹೊಲಿಗೆ ಮಿಷನ್ನು ಮಾತಾಡಂಗಿಲ್ಲವ್ವ, ನಿನ್ನ ಕಾಲಿಲ್ದ ಮಿಷನ್ನು. ನಾನು ಯಾರ ಕೂಟ ಮಾತಾಡ್ಲಿ ನನ್ನಕ್ಕಾ...”

ಪಡಸಾಲೆಯ ಮೂಲೆಯಲ್ಲಿದ್ದ ಆ ಮಿಷನ್ನಿನಲ್ಲಿ ಹೊಲಿದೇ ಅವ್ವ ನಮ್ಮಿಬ್ಬರನ್ನು ಓದಿಸಿದ್ದಳು. ಬೆಳಗಿನಿಂದ ಕಣ್ಣಲ್ಲಿ ನೀರು ಬರದೆ ಓಡಾಡಿಕೊಂಡಿದ್ದ ನಾನು ಆ ಮಾತಿಗೆ ಅತ್ತುಬಿಟ್ಟೆ. ಬುಟ್ಟಿ ಕೆಳಗಿಟ್ಟು ಅತ್ತೆ.

ಪಕ್ಕದ ಮನೆಯಾಕೆ ಚಿಕ್ಕಮ್ಮನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಚಿಕ್ಕಮ್ಮ ಎಂದರೆ ಅವ್ವನ ತಂಗಿ, ಬಾತಿಯಲ್ಲಿ ಇರುವವರು.

“ಯಾರ್ರಿ ಆಯಮ್ಮ? ಎಷ್ಟು ಚಂದ ಅಳ್ತಾಳೆ.”

“ನಿಮ್ಮ ಓಣಿಯಾಕಿ ಅಲ್ಲೇನು?”

“ಅಲ್ಲಪ್ಪ.”

“ಹಂಗಾರ ನಮ್ಮ ತವರು ಸಾರಥಿ ಕಡೇಕಿ ಇರ್ಬೇಕು. ನಾನು ಅಲ್ಲಿಗೆ ಹೋಗಿ ಯಾವ ಕಾಲ ಆತು. ಸೊಸೆದೇರು, ಮೊಮ್ಮಕ್ಕಳು, ಯಾರ ಗುರುತು ಹತ್ತುತ್ತೆ?”

ಸಾವಿನ ಮನೆಗೆ ಅತ್ತುಕೊಂಡು ಬಂದವರನ್ನು ನೀನು ಯಾರು ಎಂದು ಕೇಳುವುದು ನಮ್ಮಲ್ಲಿಲ್ಲ. ಕೊರಳಿಗೆ ಬಿದ್ದರೆ ಅಪ್ಪಿಕೊಂಡು ಅಳುವುದಷ್ಟೇ. ರುಮಾಲಿನವರು ಮಾತ್ರ ಕೇಳಿದರು. ಅವರು ಎಲ್ಲದರಲ್ಲೂ ಎಚ್ಚರದ ಮನುಷ್ಯ. ಕೈ ತೊಳೆಯಲು ನೀರು ಹಾಕುತ್ತಿದ್ದ ನನ್ನ ಹತ್ತಿರ ತಗ್ಗಿದ ದನಿಯಲ್ಲಿ, “ಆ ಕಂದು ಸೀರೆಯಮ್ಮ ನಿಮಗೇನಾಗ್ಬೇಕು?” ಅಂದರು.

“ಅವ್ವನ ತವರಿನೋರು,” ಎಂದೆ. ಚಿಕ್ಕಮ್ಮನ ಬಾಯಿಂದ ಕೇಳಿದ್ದನ್ನೇ ಹೇಳಿದೆ.

ತನಗೆ ಮಣ್ಣು ಕೊಡುವುದು ಹರಿಹರದ ಆಚೆ, ಸಾರಥಿಯಲ್ಲಿ, ತವರಿನ ಹೊಲದಲ್ಲಿ ಆಗಬೇಕು ಎಂದು ಅವ್ವನೇ ಕೇಳಿಕೊಂಡಿದ್ದಳು. ಹೂವು ಕಟ್ಟಿದ ಗಾಡಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಹೊರಟೆವು. ಸೋದರಮಾವ ಅವಳ ಭುಜ ಹಿಡಿದು ಕೂತಿದ್ದರು. ಬಾತಿ ದಾಟುವಾಗ ಅಂದರು, “ಅಕ್ಕಗೆ ಬಸ್ಸಿನಾಗೆ ಯಾವಾಗ್ಲೂ ಕಿಟಕಿ ಸೀಟೇ ಬೇಕಿತ್ತು. ಇವತ್ತು ಗಾಡಿ ಪೂರ್ತಿ ಆಕೀದೆ ನೋಡು.” ನಕ್ಕರು, ಆಮೇಲೆ ಮುಖ ಒರೆಸಿಕೊಂಡರು. ಕಂದು ಸೀರೆಯವಳು ಅವ್ವನ ಕಾಲಿನ ಹತ್ತಿರ ಕೂತಿದ್ದಳು, ರುಮಾಲಿನವರು ಎದುರಿಗೆ. ಹರಿಹರದ ಸೇತುವೆ ಕಾಣುವವರೆಗೆ ಅವರು ಬಲಗೈಯನ್ನು ಎದೆಯ ಮೇಲಿಂದ ತೆಗೆಯಲಿಲ್ಲ.

ಹೊಲದಲ್ಲಿ ಕುಣಿ ತೋಡಿ, ಒಳಗೋಡೆಯಲ್ಲಿ ಕೂರಿಸುವ ಗೂಡು ಕೊರೆದು, ನೀರು ಚಿಮುಕಿಸಿ ಇಟ್ಟಿದ್ದರು. ಒಬ್ಬರು ಒಳಗಿಳಿದು ಹೆಣವನ್ನು ತೆಗೆದುಕೊಂಡು ಕೂರಿಸಬೇಕು. ರುಮಾಲಿನವರು ಪಂಚೆ ಎತ್ತಿ ಕಟ್ಟಿದರು. ಸಾರಥಿಯವರು ಒಂದು ಕಡೆ, ದಾವಣಗೆರೆಯಿಂದ ಬಂದ ನಾವು ಇನ್ನೊಂದು ಕಡೆ ನಿಂತಿದ್ದೆವು. ನಾನು ಕುಣಿಯ ಗೂಡಿನ ಕಡೆಯ ದಂಡೆಯಲ್ಲಿ, ತಂಗಿಯ ಪಕ್ಕದಲ್ಲಿದ್ದೆ.

ಆಗ ಕಂದು ಸೀರೆಯವಳು ಮುಂದೆ ಬಂದಳು. ಅಳುವಿನ ನಡುವೆಯೇ ಹೇಳಿದಳು.

“ಅಣ್ಣಾರ, ಅಂಗಿ ತೊಟ್ಕೊಂಡು ಕುಣಿಗೆ ಇಳಿಯಂಗಿಲ್ರಿ. ಬರೇ ಮೈಯಾಗೆ ಇಳೀಬೇಕು. ಪದ್ಧತಿ ಐತೆ.”

ರುಮಾಲಿನವರು ಅಲ್ಲಾಡಲಿಲ್ಲ. “ಇದು ಎಲ್ಲೂ ಕೇಳಿಲ್ವಲ್ಲ,” ಅಂದರು.

ಮಾವ ಹೇಳಿದರು, “ಪದ್ಧತಿ ಅಂದ್ಮ್ಯಾಲೆ ಮಾಡಿಬಿಡ್ರಿ. ಹೊತ್ತಾಗುತ್ತೆ.”

ನನಗೂ ಅದೇ ಸರಿ ಎನಿಸಿತು. ಊರು ಅವರದು, ಹೊಲ ಅವರದು. ಎಲ್ಲರೂ ರುಮಾಲಿನವರನ್ನೇ ನೋಡುತ್ತಿದ್ದರು. ವಿಧಿ ಮಾಡಿಸಲು ಬಂದ ಅಯ್ಯನವರು ವಿಭೂತಿ ಹಿಡಿದು ಕಾಯುತ್ತಿದ್ದರು. ರುಮಾಲಿನವರು ಅಂಗಿ ಬಿಚ್ಚಿದರು. ಬನಿಯನ್ ಬಿಚ್ಚುವ ಮುನ್ನ ತುಸು ಹೊತ್ತು ಹಾಗೇ ನಿಂತರು. ಬಿಚ್ಚಿ ಸುರುಳಿ ಸುತ್ತಿ, ಎಲ್ಲಿಡಲಿ ಎಂಬಂತೆ ಸುತ್ತ ನೋಡಿದರು. ಎಲ್ಲೆಲ್ಲೂ ಹಸಿಮಣ್ಣು.

ಅವಳು ಸೆರಗು ಒಡ್ಡಿದಳು. “ಕೊಡ್ರಿ, ಮಣ್ಣಾಗುತ್ತೆ. ನನ್ನಕ್ಕನ ಸಲುವಾಗಿ ಬಂದೋರು ನೀವು.”

ಅಷ್ಟು ಜನರ ಎದುರು, ಸತ್ತವಳ ತವರಿನ ಹೆಣ್ಣುಮಗಳ ಸೆರಗಿಗೆ ಕೊಡಲಾರೆ ಎನ್ನುವುದು ಹೇಗೆ? ಕೊಟ್ಟರು. ಕೊಡುವಾಗ ಅವರ ಕೈ ಬಟ್ಟೆಯನ್ನು ಬಿಡಲು ತಡಮಾಡಿತು.

ಕೆಳಗೆ ಇಳಿದ ಮೇಲೆ ಅವರು ಕೆಲಸದಲ್ಲಿ ಒಂದು ತಪ್ಪೂ ಮಾಡಲಿಲ್ಲ. ಅವ್ವನನ್ನು ಎದೆಗೆ ಒರಗಿಸಿಕೊಂಡು ಇಳಿಸಿ, ಗೂಡಿನಲ್ಲಿ ಕೂರಿಸಿ, ಕರಡಿಗೆಯಿಂದ ಲಿಂಗ ತೆಗೆದು ಅವಳ ಅಂಗೈ ಮೇಲೆ ಇಟ್ಟರು. ಬೆರಳು ಮಡಚಿದರು. ಬೆಳಿಗ್ಗೆ ಅವರೇ ಮೆತ್ತಗೆ ಮಾಡಿದ ಬೆರಳುಗಳು. ಖಾಲಿ ಕರಡಿಗೆಯನ್ನು ಮೇಲೆ ಚಾಚಿದರು. ತಂಗಿ ಬಗ್ಗಿ ತೆಗೆದುಕೊಂಡಳು.

ಅವಳ ಹೆಬ್ಬೆರಳು ಅಂಚಿನ ಸುತ್ತ ಒಮ್ಮೆ ತಿರುಗಿತು. ಮತ್ತೊಮ್ಮೆ ತಿರುಗಿತು.

“ಅಣ್ಣ, ಇದು ಅವ್ವಂದಲ್ಲ.”

ನನ್ನ ಕೈಗೆ ಇಟ್ಟಳು. ಅದೇ ಆಕಾರ, ಅದೇ ಹೊಳಪು. ತಗಡಿನಂತೆ ಹಗುರ. ಆಗ ಆ ಕೈ, ಆ ಜೇಬು, ಆ ವಸ್ತ್ರ ಎಲ್ಲ ಒಟ್ಟಿಗೆ ಕಂಡವು. ಈ ಮನುಷ್ಯ ಎಷ್ಟು ಮನೆಗಳಲ್ಲಿ ಎಷ್ಟು ಜನರನ್ನು ಹೀಗೆ ಕೂರಿಸಿ ಎದ್ದಿರಬಹುದು ಎಂದು ಯೋಚಿಸಿದೆ. ಹೆಣದ ಕೊರಳಿನ ಕರಡಿಗೆಯನ್ನು ಯಾರು ತೂಗಿ ನೋಡುತ್ತಾರೆ?

ಅವರು ಮೇಲೆ ಬಂದರು. ಬಟ್ಟೆ ಹೊಲದಂಚಿನ ಕಾಲುವೆಯ ಕಲ್ಲಿನ ಮೇಲೆ ಇತ್ತು. ಅಂಗಿ ಮಡಚಿ ಕೆಳಗೆ, ಬನಿಯನ್ ಮಡಚಿ ಮೇಲೆ. ಮೈಯ ಮಣ್ಣು ಒರೆಸಿಕೊಳ್ಳುವ ಮೊದಲೇ ಅವರ ಬೆರಳು ಜೇಬಿಗೆ ಹೋಯಿತು. ತೆಗೆದು ಮತ್ತೆ ಹಾಕಿದರು. ಮುಖ ಎತ್ತಿದಾಗ ನಾನು ಎದುರಿಗಿದ್ದೆ.

“ಏನಾರ ಕಳೀತೇನ್ರಿ?” ಮಾವ ಕೇಳಿದರು.

“ಏನಿಲ್ರಿ.”

“ನೀವು ಬದಲಿ ಮಾಡಿದ್ದು ಕೊಡ್ರಿ,” ಅಂದಳು ತಂಗಿ. “ನಮ್ಮವ್ವನ ಕರಡಿಗೆ ಕೊಡ್ರಿ.”

“ನಾನು ನೋಡೀನಿ,” ಎಂದೆ. “ಪಡಸಾಲೆಯಾಗ ನಿಮ್ಮ ಕೈ ಜೇಬಿಗೆ ಹೋಗಿದ್ದು ನೋಡೀನಿ.”

“ಲಿಂಗ ಒರೆಸಿದ್ದು ನೋಡಿದೀರಿ ನೀವು.” ಅವರು ಬನಿಯನ್ ಎತ್ತಿ ಜೇಬನ್ನು ಒಳಮೈ ಹೊರಗೆ ಮಾಡಿ ಎಲ್ಲರಿಗೂ ತೋರಿಸಿದರು. “ನೋಡ್ರಿ. ಏನೈತೆ?”

ಏನೂ ಇರಲಿಲ್ಲ. ಮಾವ ತಂಗಿಯ ಭುಜ ಹಿಡಿದು, “ಸತ್ತೋರನ್ನ ಕೂಡ್ಸಾಕ ಬಂದೋರ ಮ್ಯಾಲೆ ಹಂಗನಬಾರ್ದವ್ವ,” ಅಂದರು. ಆಮೇಲೆ ತಿಳಿಯಿತು, ಆ ಮನುಷ್ಯನಿಂದ ಕದ್ದವಳೇ ಅವನನ್ನು ಉಳಿಸಿದ್ದಳು. ಅವನು ಬಾಯಿಬಿಡುವಂತಿರಲಿಲ್ಲ. ಏನು ಹೋಯಿತು ಎಂದು ಹೇಳಿದರೆ ಏನು ತಂದಿದ್ದೆ ಎಂದು ಹೇಳಬೇಕಾಗುತ್ತಿತ್ತು.

ಅಂಗಿ ತೊಟ್ಟುಕೊಳ್ಳುತ್ತ, ಮೆಲ್ಲಗೆ ಒಂದೇ ಒಂದು ಪ್ರಶ್ನೆ ಕೇಳಿದರು. “ಆಯಮ್ಮ ಎಲ್ಲಿ ಹೋದ್ರು?”

“ಯಾರು?” ಎಂದೆ.

“ನಿಮ್ಮವ್ವನ ತವರಿನಾಕಿ. ಕಂದು ಸೀರೆ.”

“ನಮ್ಮಾಕಿ ಅಲ್ರಿ ಅದು,” ಅಂದರು ಮಾವ. “ದಾವಣಗೆರಿಯಿಂದ ಬಂದಾಕಿ. ಗಾಡಿಯಾಗ ನಿಮ್ಮ ಸಂಗಡನೇ ಇದ್ಲಲ್ಲ.”

ಚಿಕ್ಕಮ್ಮ ಮಾವನ ಮುಖ ನೋಡಿದರು. “ಮತ್ತೆ ಆ ಅಂಗಿ ಬಿಚ್ಚೋ ಪದ್ಧತಿ?”

“ನಿಮ್ಮ ಕಡೇದು ಅಂದ್ಕೊಂಡೆ. ನಮ್ಮಲ್ಲಿ ಎಲ್ಲೈತೆ ಹಂಗೆ?”

ಸಲಿಕೆ ಹಿಡಿದವರು ಸಲಿಕೆ ಹಿಡಿದೇ ನಿಂತಿದ್ದರು. ರುಮಾಲಿನವರು ಕಾಲುವೆಯ ಕಲ್ಲಿನ ಮೇಲೆ ಕೂತುಬಿಟ್ಟರು. ಅವರಿಗೆ ಅರ್ಥವಾದದ್ದನ್ನು ನಾನೂ ಆ ಕ್ಷಣ ಅರ್ಥಮಾಡಿಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಷ್ಟು ದೊಡ್ಡ ಗುಂಪಿನಲ್ಲಿ ಅದನ್ನು ಹಂಚಿಕೊಂಡವರು ನಾವಿಬ್ಬರೇ.

ಬೈಕಿನಲ್ಲಿ ಹರಿಹರದ ಬಸ್ ನಿಲ್ದಾಣದವರೆಗೆ ಹುಡುಕಿ ಬಂದೆವು. ಕಂದು ಸೀರೆಯವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಮುಖ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಪೊಲೀಸರಿಗೆ ಹೇಳಿದೆವು. ಗುರುತೇನು ಎಂದು ಅವರು ಕೇಳಿದರೆ ಅಳು ಚೆನ್ನಾಗಿತ್ತು ಎನ್ನುವುದನ್ನು ಬಿಟ್ಟು ನಮಗೆ ಹೇಳಲು ಬೇರೇನೂ ತೋಚಲಿಲ್ಲ.

ಬೇಸಿಗೆಯಲ್ಲಿ ದೀಕ್ಷೆಯಾಯಿತು. ತಂಗಿ ಹೊಸ ಬೆಳ್ಳಿ ಕರಡಿಗೆ ಮಾಡಿಸಿದ್ದಳು. ಮಗಳು ಬ್ಯಾಡ ಅಂದಳು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು, “ಅಜ್ಜೀದು ಸಿಗೋ ತನಕ ಇದೇ ಇರ್ಲಿ,” ಅಂದಳು. ಈಗಲೂ ಬಟ್ಟೆಯಲ್ಲೇ ಇದೆ. ಆ ತಗಡಿನ ಕರಡಿಗೆ ನನ್ನ ಮನೆಯ ಗೂಡಿನಲ್ಲಿದೆ, ಕಪ್ಪಾಗಿದೆ. ಎಸೆಯಲು ಮನಸ್ಸಾಗುವುದಿಲ್ಲ. ದಾವಣಗೆರೆಯಿಂದ ಸಾರಥಿಯವರೆಗೆ ಅವ್ವನ ಲಿಂಗ ಇದ್ದದ್ದು ಅದರಲ್ಲೇ.

ಕಳೆದ ವರ್ಷ ಮಾವ ತೀರಿಕೊಂಡರು. ಅದೇ ಹೊಲ, ಅವ್ವನ ಪಕ್ಕದಲ್ಲೇ ಕುಣಿ. ಇಳಿಯಬೇಕಾದ ಊರಿನವನು ಯಾರೂ ಹೇಳದೆಯೇ ಅಂಗಿ ಬಿಚ್ಚಿದ, ಬನಿಯನ್ ಬಿಚ್ಚಿದ. ಯಾಕ ಎಂದು ಕೇಳಿದೆ.

“ನಮ್ಮಲ್ಲಿ ಪದ್ಧತಿ ಐತ್ರಿ,” ಅಂದ.

ಒಬ್ಬ ಹೆಂಗಸು ಸೆರಗು ಒಡ್ಡಿದಳು. ಅವನು ಬಟ್ಟೆ ಕೊಟ್ಟ. ನಾನು ಅವಳ ಮುಖ ನೋಡಲು ಹೋದೆ. ಅವಳು ಅಳುತ್ತಿದ್ದಳು. ಸೆರಗು ಮುಂದೆ ಬಂದಿತ್ತು. ನೀನು ಯಾರು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಅಂದು ಕುಣಿಯ ದಂಡೆಯ ಮೇಲಿದ್ದು ಎಲ್ಲವನ್ನೂ ನೋಡಿದವರಲ್ಲಿ ಈಗ ಇರುವವರು ಇವರು. ನನ್ನ ತಂಗಿ, ಆಕೆಯ ಹೆಬ್ಬೆರಳು ಈಗಲೂ ಯಾವ ಕರಡಿಗೆ ಕಂಡರೂ ಅಂಚಿನ ಸುತ್ತ ತಿರುಗುತ್ತದೆ. ಬಾತಿಯ ಚಿಕ್ಕಮ್ಮ, ಕಣ್ಣು ಮಂಜಾಗಿದೆ, ಆ ಹಾಡು ಮಾತ್ರ ಪೂರ್ತಿ ನೆನಪಿದೆ. ಬಿಳಿ ರುಮಾಲಿನವರು ಬದುಕಿದ್ದಾರೆ. ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ, ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾರೆ. ಇನ್ನು ಆ ಕಂದು ಸೀರೆಯವಳು. ಸತ್ತಳು ಎಂದು ಯಾರೂ ಹೇಳಿಲ್ಲ, ಆದ್ದರಿಂದ ಅವಳನ್ನೂ ಇರುವವರಲ್ಲೇ ಸೇರಿಸಿದ್ದೇನೆ.