ಭಾನುವಾರದ ಚರ್ಚೆಗೆ ಬಂದ ಗುರುಬಾಯಿ

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ದಾದರಿನ ಸಾಲುಕೋಣೆಗಳ ಚಾಳಿಗೆ ಬಂದಾಗ, ಭಾನುವಾರದ ಬೆಳಗೆಂದರೆ ಅಣವೀರಪ್ಪನವರ ದನಿ. ವಿಜಾಪುರದ ಕಡೆಯವರು, ಬಟ್ಟೆ ಮಿಲ್ಲಿನಲ್ಲಿ ಕೆಲಸ. ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂತು, ಹಿಂದಿನ ದಿನದ ಕನ್ನಡ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಸುತ್ತ ಕೂತ ಗಂಡಸರು ಒಂದೊಂದು ಸುದ್ದಿಗೂ ವಾದ ಹೂಡುತ್ತಿದ್ದರು. ನಾವು ಹೆಂಗಸರು ಒಳಗೆ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆವು.

ಪಕ್ಕದ ಖೋಲಿಯ ಗುರುಬಾಯಿಗೆ ಓದು ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಗಳನ್ನು ಸಾಕುತ್ತಿದ್ದಳು. ಎಪ್ಪತ್ತೆರಡರ ಒಂದು ಭಾನುವಾರ, ರೇಶನ್ ಅಂಗಡಿಗಳಲ್ಲಿ ಸಕ್ಕರೆಗೆ ಕೊರತೆಯಿಲ್ಲ ಎಂಬ ಸುದ್ದಿಯನ್ನು ಅಣವೀರಪ್ಪ ಓದಿದರು. ನೀರು ಹೊತ್ತು ಹೋಗುತ್ತಿದ್ದ ಗುರುಬಾಯಿ ಅಲ್ಲೇ ನಿಂತಳು.

“ಅದು ಸುಳ್ಳು ಐತಣ್ಣ. ನಿನ್ನಿ ಮೂರು ತಾಸು ಲೈನಿನ್ಯಾಗ ನಿಂತು ಬರೇ ಕೈಲೆ ಬಂದೀನಿ.”

“ಪೇಪರಿನ್ಯಾಗ ಬಂದೈತವಾ,” ಎಂದರು ಹಿರಿಯರಾದ ಶಿವಪುತ್ರಪ್ಪ.

“ಪೇಪರಿನವ್ರು ನನ್ನ ಹಿಂದ ನಿಂತಿದ್ರೇನು?”

ಯಾರೂ ನಗಲಿಲ್ಲ. ಅಣವೀರಪ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. “ಕುಂದರು ತಂಗಿ. ಯಾವ ಅಂಗಡಿ, ಬರೋಬ್ಬರಿ ಹೇಳು.”

ಮುಂದಿನ ವಾರ ನಾವು ಏಳು ಹೆಂಗಸರು ಹೊರಗೆ ಕೂತಿದ್ದೆವು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಬೆಲೆ ಏರಿಕೆ, ಮುಷ್ಕರ, ಹೆಣ್ಣುಮಕ್ಕಳ ಓದು, ಯಾವುದನ್ನೂ ಗುರುಬಾಯಿ ಬಿಡುತ್ತಿರಲಿಲ್ಲ. ಸಿಟ್ಟು ಬಂದರೆ ಮರಾಠಿಗೆ ತಿರುಗುತ್ತಿದ್ದಳು. ಆಗ ಕೆಳಮಹಡಿಯ ಮರಾಠಿಯವರೂ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಎಪ್ಪತ್ತೈದರಲ್ಲಿ ತುರ್ತು ಪರಿಸ್ಥಿತಿ ಬಂತು. ಜನ ಕಡಿಮೆಯಾದರು. ಅಣವೀರಪ್ಪನವರ ದನಿಯೂ ತಗ್ಗಿತು.

“ಬರೇ ಮಳಿ ಸುದ್ದಿ ಓದಾಕತ್ತೀಯಲ್ಲಣ್ಣ?” ಎಂದು ಗುರುಬಾಯಿ ಒಂದು ವಾರ ಕೇಳಿದಳು.

“ಏನು ಮಾಡಲವಾ, ಯಾರು ಎಲ್ಲಿ ಹೋಗಿ ಹೇಳ್ತಾರೋ.”

ಗುರುಬಾಯಿ ಚಾಪೆಯ ಮೇಲೆ ಇನ್ನಷ್ಟು ಮುಂದೆ ಸರಿದಳು. “ಹಂಗಾರ ನಮ್ಮ ನಳದ ಮಾತರ ಆಡೂಣು. ಕೂಡೂದು ಬಿಡೂದು ಬ್ಯಾಡ.”

ಹಾಗೆ ಎರಡು ವರ್ಷ ನಳದ ನೀರಿನ ಪಾಳಿ, ಮುರಿದ ಮೆಟ್ಟಿಲು, ಸೋರುವ ಮಾಡು ಇವುಗಳ ಮೇಲೆಯೇ ವಾದ ಮಾಡಿದೆವು. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದೆಂದು ಕಲಿತದ್ದು ಆಗಲೇ. ಎಪ್ಪತ್ತೇಳರ ಚುನಾವಣೆ ಬಂದಾಗ ಮೆಟ್ಟಿಲ ಮೇಲೂ ಕೂರಲು ಜಾಗವಿರಲಿಲ್ಲ.

ಆಮೇಲೆ ಅಣವೀರಪ್ಪ ಕೆಲಸ ಬಿಟ್ಟು ಊರಿಗೆ ಹೋದರು. ಮಗಳ ಮದುವೆಯಾಗಿ ಗುರುಬಾಯಿಯೂ ಅವಳ ಜೊತೆ ಕಾಂದಿವಲಿ ಸೇರಿದಳು. ಚಾಳಿಗೆ ಟಿವಿ ಬಂತು. ಭಾನುವಾರ ಜನ ಆಗಲೂ ಕೂಡುತ್ತಿದ್ದರು, ಆದರೆ ಎಲ್ಲರ ಮುಖ ಒಂದೇ ಕಡೆಗೆ.

ಎಪ್ಪತ್ತೊಂಬತ್ತರಲ್ಲಿ ನಾನು ಲೋಕಲ್ ಟ್ರೇನು ಹಿಡಿದು ಗುರುಬಾಯಿಯನ್ನು ನೋಡಲು ಹೋದೆ. ಮಗಳ ಮನೆಯಿದ್ದ ಕಾಲೊನಿಯ ಬೇವಿನ ಮರದ ಕೆಳಗೆ, ಗುಜರಾತಿ, ಮರಾಠಿ ಹೆಂಗಸರ ನಡುವೆ ಕೂತು ಬಸ್ಸು ಯಾವ ದಾರಿಯಲ್ಲಿ ಬರಬೇಕೆಂದು ಜಗಳವಾಡುತ್ತಿದ್ದಳು. “ಬಾ ವಿಮಲಾ, ನೀ ಏನಂತಿ?” ಎಂದಳು. ಹೇಳಿದೆ. ಅವಳು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಆ ಮಧ್ಯಾಹ್ನ ಎರಡು ಟ್ರೇನು ತಪ್ಪಿದವು.