ದೋಷಕ್ಕೆ ದನಿ ಕೊಟ್ಟ ಸುದೇಷ್ಣಾದೀದಿ

ಹೂಗ್ಲಿ ನದಿಯ ಉಬ್ಬರ-ಇಳಿತದ ವೇಳೆಯನ್ನು ಲೆಕ್ಕಹಾಕಿ ದೋಣಿಕಟ್ಟೆಗಳಿಗೆ ತಿಳಿಸುವ ನಮ್ಮ ಕಚೇರಿಯಲ್ಲಿ ವಿದ್ವತ್ತಿಗೆ ಎಂದೂ ಬರವಿರಲಿಲ್ಲ. ಆದರೆ ಕಂಪ್ಯೂಟರಿನ ಮಾತನ್ನು ಕಟ್ಟೆಯ ಗುಮಾಸ್ತನ ಮನಸ್ಸಿಗೆ ಮುಟ್ಟಿಸಿದವರು ಮಾನ್ಯ ಸುದೇಷ್ಣಾ ಕಾಂಜಿಲಾಲ್ ಅವರೊಬ್ಬರೇ.

ಮೂವತ್ತೊಂದು ವರ್ಷದ ಹಿಂದೆ ಸೇವೆಗೆ ಸೇರಿದ ಅವರಿಗೆ ದಕ್ಕಿದ್ದು ಮೂಲೆಯ ಕೋಣೆ, ಒಂದು ಕಂಪ್ಯೂಟರು, ಹದಿನಾಲ್ಕನೆಯ ನಂಬರಿನ ಫೋನು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿಯೂ ಒಬ್ಬರೇ. ಊಟಕ್ಕೆ ಕರೆದರೆ, "ಫೋನ್ ಬಂದ್ರೆ?" ಎಂದು ಅಲ್ಲಿಯೇ ಡಬ್ಬಿ ಬಿಚ್ಚುತ್ತಿದ್ದರು. ನಾವೂ ಮತ್ತೆ ಕರೆಯಲಿಲ್ಲ. ಅದು ನಮ್ಮ ತಪ್ಪು.

ಕಂಪ್ಯೂಟರಿಗೆ ಕೆಲಸ ಹೇಳುವ ನಮ್ಮ ಸ್ಕ್ರಿಪ್ಟ್ ಭಾಷೆಯಲ್ಲಿ ಹುಟ್ಟಿನಿಂದಲೇ ಇರುವ ಕೆಲವು ಚರಗಳುಂಟು, ಅಂದರೆ ಅಂಕಿಯನ್ನೋ ಮಾತನ್ನೋ ತುಂಬಿಡುವ ಹೆಸರುಳ್ಳ ಡಬ್ಬಿಗಳು. ಅವುಗಳಲ್ಲೊಂದು, ಕೊನೆಯ ಕೆಲಸದಲ್ಲಿ ಸಂಭವಿಸಿದ ದೋಷದ ಸಂಖ್ಯೆಯನ್ನು ಇಟ್ಟುಕೊಂಡಿದ್ದು, ಕೇಳಿದರೆ ಬರೀ ಅಂಕಿ ಹೇಳಿ ಸುಮ್ಮನಾಗುತ್ತದೆ. ಆ ಹುಟ್ಟುಗುಣವನ್ನೇ ದೀದಿ ತಿದ್ದಿದರು. ಓದಿದ ಕೂಡಲೇ ಅದು ಬಂಗಾಳಿಯಲ್ಲಿ, "ಗಾಬರಿ ಬೇಡ, ನೀರಳೆಯುವ ಯಂತ್ರದ ತಂತಿ ಕಳಚಿದೆ. ತಿಳೀದಿದ್ರೆ ಹದಿನಾಲ್ಕಕ್ಕೆ ಫೋನ್ ಮಾಡಿ, ಸುದೇಷ್ಣಾ ಇರ್ತಾಳೆ" ಎನ್ನತೊಡಗಿತು.

ಅದೇ ಚರ ಪ್ರತಿ ದೋಷವನ್ನೂ ದಿನಚರಿಯ ಕಡತದಲ್ಲಿ ಬರೆದಿಡುವಂತೆಯೂ ಮಾಡಿದ್ದರು. ಎಡವಟ್ಟಾದದ್ದು ಅಲ್ಲಿಯೇ. ಈಗ ಬರೆಯುವುದೇ ಕೊನೆಯ ಕೆಲಸವಾಗಿ, ಅದು ಸುಸೂತ್ರವಾಗಿ ಮುಗಿದುದರಿಂದ ಮೂಲದ ದೋಷ ಅಳಿಸಿಹೋಗಿ, ಎರಡನೆಯ ಸಲ ಓದಿದಾಗ "ದೋಷವಿಲ್ಲ" ಎಂದಿತು. ಅದನ್ನು ನಂಬಿದ ಸ್ಕ್ರಿಪ್ಟು ಹಿಂದಿನ ದಿನದ ವೇಳೆಯನ್ನೇ ಕಳುಹಿಸಿತು. ಮಾಟಿಖಾಲಿ ಕಟ್ಟೆಯಲ್ಲಿ ನಲವತ್ತು ಜನರಿದ್ದ ಲಾಂಚು ಆರು ತಾಸು ಕೆಸರಿನಲ್ಲಿ ಹೂತುಕೊಂಡಿತು. ದೀದಿ ಮಂಡಕ್ಕಿಯ ಡಬ್ಬಗಳನ್ನು ಹೊತ್ತು ಕೆಸರಿಗಿಳಿದು, "ಯಂತ್ರದ್ದಲ್ಲ, ತಪ್ಪು ನಂದು" ಎಂದು ಎಲ್ಲರೆದುರು ಹೇಳಿದರು. ಕಟ್ಟೆಯ ಗುಮಾಸ್ತ ಅಬಿನಾಶ್ ಮಾಯಿತಿ, "ಮಂಡಕ್ಕಿ ಜೊತೆ ಹಸಿಮೆಣಸಿನಕಾಯಿ ಮರೆತ್ರಲ್ಲ ದೀದಿ, ಇದು ಎರಡನೇ ತಪ್ಪು" ಎಂದು ನಗಿಸಿದರು.

ಅಂದಿನಿಂದ ಅವರು ನಮಗೆ ಕಲಿಸಿದ್ದು ಒಂದೇ ಪಾಠ: ಮೊದಲು ಇದ್ದುದನ್ನು ಎತ್ತಿಡಿ, ನಿಮ್ಮ ಕೆಲಸ ಮುಗಿಸಿ, ಹೊರಡುವಾಗ ಇದ್ದಂತೆಯೇ ಇಟ್ಟುಬಿಡಿ. ನಿವೃತ್ತಿಯ ದಿನ ಆ ಪಾಠವನ್ನು ತಮ್ಮ ಮೇಲೂ ಹೇರಿಕೊಂಡರು. ಮೇಜು ಒರೆಸಿ, ಚರಕ್ಕೆ ತಾವು ಕಲಿಸಿದ್ದನ್ನೆಲ್ಲ ತೆಗೆದುಹಾಕಿದರು. "ನಾನಿಲ್ಲದ ಕೋಣೆಯ ಫೋನ್ ನಂಬರ್ ಅದರಲ್ಲಿ ಯಾಕ್ ಇರಬೇಕು?" ಎಂದರು. ಗೇಟಿನವರೆಗೆ ಜೊತೆಗೆ ಹೋಗುವುದಕ್ಕೂ ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಮೂರನೆಯ ದಿನ ಮಾಯಿತಿಯವರ ಫೋನು ಬಂತು. "ಕಂಪ್ಯೂಟರು ಬರೀ ಹನ್ನೊಂದು ಅಂತಿದೆ. ದೀದಿ ಎಲ್ಲಿ? ಅದೇನು ಮೂಕಾಗ್ಬಿಡ್ತಾ?"

ಹಳೆಯ ಪ್ರತಿಯಿಂದ ಆ ಸಾಲುಗಳನ್ನು ಮತ್ತೆ ಹಾಕಿದೆವು. ಹದಿನಾಲ್ಕರ ಜಾಗದಲ್ಲಿ ಅವರ ಮನೆಯ ನಂಬರು ಬರೆದೆವು. ಅವರನ್ನು ಕೇಳಲಿಲ್ಲ. ಮಾಯಿತಿ ಅಲ್ಲಿಗೆ ಫೋನ್ ಮಾಡಿದಾಗ ಮೊದಲ ಗಂಟೆಗೇ ದೀದಿ ಎತ್ತಿಕೊಂಡರಂತೆ. "ಹೇಳಿ, ಇಲ್ಲೇ ಇದ್ದೀನಿ" ಎಂದರಂತೆ.

ಪೂಜ್ಯ ದೀದಿಯವರು ನೂರು ವರ್ಷ ಆರೋಗ್ಯದಿಂದಿರಲಿ. ನಮ್ಮ ಸ್ಕ್ರಿಪ್ಟುಗಳು ವಾರಕ್ಕೊಮ್ಮೆಯಾದರೂ ಕೆಡುತ್ತಿರಲಿ.